ಓಲ್ಡ್ ಹಂಡ್ರೆಡ್ ಚಿನ್ನದ ಗಣಿ, ಸಿಲ್ವರ್‌ಟನ್, ಕೊಲೊರಾಡೊ: ಹೋಗಲೇಬೇಕು, ಆದರೆ ಇಷ್ಟು ತಿಳಿದುಕೊಂಡು ಹೋಗಿ

ಕೊಲೊರಾಡೊಗೆ ಬರುವ ನಮ್ಮವರು ಹೆಚ್ಚಾಗಿ ರಾಕಿ ಮೌಂಟನ್ ಪಾರ್ಕ್, ಪೈಕ್ಸ್ ಪೀಕ್, ಗಾರ್ಡನ್ ಆಫ್ ದಿ ಗಾಡ್ಸ್, ಇಷ್ಟು ನೋಡಿ ವಾಪಸ್ ಹೊರಟುಬಿಡುತ್ತಾರೆ. ತಪ್ಪೇನಿಲ್ಲ, ಮೂರೂ ಚೆನ್ನಾಗಿವೆ. ಆದರೆ ಇನ್ನೆರಡು ದಿನ ಕೈಯಲ್ಲಿದ್ದರೆ ನೈಋತ್ಯ ಮೂಲೆಯ ಸ್ಯಾನ್ ಹ್ವಾನ್ ಬೆಟ್ಟಗಳಿಗೆ ಹೋಗಿ, ಸಿಲ್ವರ್‌ಟನ್ ಊರಿನ ಪಕ್ಕದ ಓಲ್ಡ್ ಹಂಡ್ರೆಡ್ ಗಣಿ ನೋಡಿ ಬನ್ನಿ. ಕೆಲಸ ನಿಂತುಹೋಗಿ ಐವತ್ತು ವರ್ಷ ದಾಟಿದ ಚಿನ್ನದ ಗಣಿ ಅದು. ಈಗ ಪುಟ್ಟ ರೈಲಿನಲ್ಲಿ ಕೂರಿಸಿಕೊಂಡು ಬೆಟ್ಟದ ಹೊಟ್ಟೆಯೊಳಗೆ ಕರೆದುಕೊಂಡು ಹೋಗುತ್ತಾರೆ. ಅಪ್ಪ, ಅಮ್ಮ ಊರಿಂದ ಬಂದಿದ್ದರು, ಮಗನಿಗೆ ಶಾಲೆ ರಜೆ ಇತ್ತು, ಎಲ್ಲರೂ ಸೇರಿ ಹೋಗಿ ಬಂದೆವು. ನಾನು ನೋಡಿದ ಗಣಿ ಪ್ರವಾಸಗಳಲ್ಲಿ ಇದೇ ಅತ್ಯುತ್ತಮ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ.

ಮುಖ್ಯ ಕಾರಣ ಒಂದೇ. ಇಲ್ಲಿ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ಬೇರೆ ಕಡೆ ನಾನು ನೋಡಿದ ಒಂದು ಗಣಿಯಲ್ಲಿ (ಹೆಸರು ಬೇಡ ಬಿಡಿ) ಗೋಡೆ ಪಕ್ಕ ಹೆಲ್ಮೆಟ್ ಹಾಕಿದ ಬೊಂಬೆ ನಿಲ್ಲಿಸಿದ್ದರು. ಗುಂಡಿ ಒತ್ತಿದರೆ ರೆಕಾರ್ಡ್ ಮಾಡಿದ ದನಿ ಬರುತ್ತಿತ್ತು, ತುಕ್ಕು ಹಿಡಿದ ಡ್ರಿಲ್ಲಿಗೆ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಅಂತ ಬೋರ್ಡ್ ಹಾಕಿದ್ದರು. ಅಲ್ಲಿಂದ ಹೊರಗೆ ಬಂದಾಗ ಗಣಿ ಕೆಲಸ ಅಂದರೆ ಏನು ಅಂತ ನನಗೆ ಒಂದಿಷ್ಟೂ ಅರ್ಥವಾಗಿರಲಿಲ್ಲ. ಓಲ್ಡ್ ಹಂಡ್ರೆಡ್‌ನಲ್ಲಿ ಗಾಳಿಯ ಒತ್ತಡದಿಂದ ಓಡುವ ಡ್ರಿಲ್ಲನ್ನು ನಿಮ್ಮ ಕಣ್ಣೆದುರೇ ಬಂಡೆಗೆ ಹಿಡಿದು ಚಾಲೂ ಮಾಡುತ್ತಾರೆ. ನಮ್ಮನ್ನು ಕರೆದುಕೊಂಡು ಹೋದವರು ಗಣಿಯಲ್ಲೇ ದುಡಿದ ಮನುಷ್ಯ. ಅವರು ಡ್ರಿಲ್ ಎತ್ತಿ ಹಿಡಿದ ರೀತಿ ನೋಡಿದರೇ ಅದು ಬಾಯಿಪಾಠ ಅಲ್ಲ, ಕೈಗೆ ಬಂದ ಕೆಲಸ ಅಂತ ಗೊತ್ತಾಗುತ್ತಿತ್ತು.

ಮೊದಲು ದಾರಿ ಹೇಳಿಬಿಡುತ್ತೇನೆ. ಡೆನ್ವರಿನಿಂದ ಸಿಲ್ವರ್‌ಟನ್‌ಗೆ ಕಾರಿನಲ್ಲಿ ಆರೂವರೆ ಏಳು ಗಂಟೆ ಬೇಕು. ಹಾಗಾಗಿ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಡುರಾಂಗೋದಲ್ಲಿ ರಾತ್ರಿ ಉಳಿದುಕೊಂಡರೆ ಅಲ್ಲಿಂದ ಸಿಲ್ವರ್‌ಟನ್ ಸುಮಾರು 80 ಕಿಲೋಮೀಟರ್. ಉತ್ತರದಿಂದ ‘ಊರೇ’ (Ouray) ಎಂಬ ಹೆಸರಿನ ಊರಿನ ಕಡೆಯಿಂದ ಬಂದರೆ ‘ಮಿಲಿಯನ್ ಡಾಲರ್ ಹೈವೇ’ ಸಿಗುತ್ತದೆ. ಬರೀ 40 ಕಿಲೋಮೀಟರ್ ಇದ್ದರೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಎಷ್ಟೋ ಕಡೆ ತಡೆಗೋಡೆ ಕೂಡ ಇಲ್ಲ. ಘಾಟಿ ಓಡಿಸಿ ಅಭ್ಯಾಸ ಇದ್ದವರಿಗೆ ಕಷ್ಟವೇನಲ್ಲ, ಆದರೆ ಕತ್ತಲಾದ ಮೇಲೆ ಬೇಡ, ಮಳೆ ಬಂದರೆ ಇನ್ನೂ ಬೇಡ. ಸಿಲ್ವರ್‌ಟನ್ ಊರು ದಾಟಿ ಕೌಂಟಿ ರೋಡ್ 2 ಹಿಡಿದು ಅನಿಮಸ್ ಹೊಳೆ ಪಕ್ಕದಲ್ಲೇ ಹೋದರೆ ಹೋವರ್ಡ್ಸ್‌ವಿಲ್ ಅನ್ನುವ ಜಾಗ ಬರುತ್ತದೆ, ಅಲ್ಲಿ ಬಲಕ್ಕೆ ತಿರುಗಿ ಕನ್ನಿಂಗ್‌ಹ್ಯಾಮ್ ಕಣಿವೆಯೊಳಗೆ ಹೋಗಬೇಕು. ಊರಿಂದ ಎಲ್ಲಾ ಸೇರಿ ಎಂಟು ಕಿಲೋಮೀಟರ್ ಆಸುಪಾಸು. ಕೊನೆಯ ಭಾಗ ಜಲ್ಲಿ ರಸ್ತೆ, ಆದರೂ ಮಾಮೂಲಿ ಕಾರು ಆರಾಮಾಗಿ ಹೋಗುತ್ತದೆ. ಮೊಬೈಲ್ ಸಿಗ್ನಲ್ ನಂಬಿಕೊಳ್ಳಬೇಡಿ, ಮ್ಯಾಪನ್ನು ಹೊರಡುವ ಮೊದಲೇ ಫೋನಿನಲ್ಲಿ ಇಳಿಸಿಕೊಳ್ಳಿ. ಡುರಾಂಗೋದಿಂದ ಹಳೇ ಉಗಿ ರೈಲು ಹತ್ತಿಯೂ ಸಿಲ್ವರ್‌ಟನ್‌ಗೆ ಬರಬಹುದು. ಅದು 1882ರಿಂದ ಓಡುತ್ತಿರುವ ರೈಲು, ದಾರಿಯುದ್ದಕ್ಕೂ ಕಣ್ಣಿಗೆ ಹಬ್ಬ. ಆದರೆ ರೈಲಿನಲ್ಲಿ ಬಂದರೆ ಊರಿನಲ್ಲಿ ಸಿಗುವ ಸಮಯ ಕಡಿಮೆ. ಗಣಿಯನ್ನೂ ಸರಿಯಾಗಿ ನೋಡಬೇಕು ಅಂದರೆ ಕಾರೇ ಸರಿ.

ಇದು ವರ್ಷವಿಡೀ ತೆರೆದಿರುವ ಜಾಗ ಅಲ್ಲ. ಮೇ ತಿಂಗಳ ಮಧ್ಯದಿಂದ ಅಕ್ಟೋಬರ್ ಶುರುವಿನವರೆಗೆ ಮಾತ್ರ. ಚಳಿಗಾಲದಲ್ಲಿ ಆ ಕಣಿವೆಯಲ್ಲಿ ಹಿಮ ಕುಸಿದು ಬೀಳುತ್ತದೆ. ಬೆಳಿಗ್ಗೆ ಹತ್ತರಿಂದ ಸಾಮಾನ್ಯವಾಗಿ ಗಂಟೆಗೊಂದು ಪ್ರವಾಸ ಹೊರಡುತ್ತದೆ, ಒಂದೊಂದಕ್ಕೂ ಹತ್ತಿರಹತ್ತಿರ ಒಂದು ಗಂಟೆ ಬೇಕು. ಟಿಕೆಟ್ ದರ ವರ್ಷಕ್ಕೊಮ್ಮೆ ಬದಲಾಗುತ್ತದೆ, ಹೋಗುವ ಮೊದಲು ನೋಡಿಕೊಳ್ಳಿ.

ಒಳಗೆ ಹೋಗುವ ಮುಂಚೆ ಹೆಲ್ಮೆಟ್, ಹಳದಿ ರೇನ್‌ಕೋಟ್ ಅವರೇ ಕೊಡುತ್ತಾರೆ. ಒಳಗೆ ವರ್ಷಪೂರ್ತಿ ಒಂಬತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜುಲೈ ತಿಂಗಳು ಅಂತ ಹೊರಗೆ ಟೀ ಶರ್ಟಿನಲ್ಲಿ ಓಡಾಡುತ್ತಿದ್ದ ಮಗ ಹತ್ತು ನಿಮಿಷಕ್ಕೇ ನಡುಗಲು ಶುರು ಮಾಡಿದ. ಸ್ವೆಟರ್ ಒಯ್ಯಿರಿ. ಸೀರೆ ಉಟ್ಟವರಿಗೆ ಶಾಲು ಸಾಲದು, ಜಾಕೆಟ್ ಬೇಕು. ಚಪ್ಪಲಿ ಬೇಡವೇ ಬೇಡ, ನೆಲ ಒದ್ದೆ, ನಡುವೆ ರೈಲು ಕಂಬಿ. ಮೇಲಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ.

ರೈಲು ಅಂದೆನಲ್ಲ, ಅದು ಬ್ಯಾಟರಿಯಲ್ಲಿ ಓಡುವ ಗಣಿ ರೈಲು. ಉದ್ದುದ್ದ ಬೆಂಚು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು. ಗಲೀನಾ ಬೆಟ್ಟದ ಬುಡದಿಂದ ಸೀದಾ ಒಳಗೆ ಐನೂರು ಮೀಟರಿಗೂ ಜಾಸ್ತಿ ಹೋಗುತ್ತದೆ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 13,000 ಅಡಿಗೂ ಮೇಲೆ. ಅಂದರೆ ನಿಮ್ಮ ತಲೆ ಮೇಲೆ ಬೇಕಾದಷ್ಟು ಬಂಡೆ ಇರುತ್ತದೆ. ಇಳಿದ ಮೇಲೆ ನಡೆಯಬೇಕಾದದ್ದು ಸ್ವಲ್ಪ, ಅದೂ ಸಮತಟ್ಟು ನೆಲ. ಮಂಡಿ ನೋವಿರುವ ನಮ್ಮಮ್ಮ ಒಬ್ಬರೇ ನಡೆದುಕೊಂಡು ಪೂರ್ತಿ ನೋಡಿ ಬಂದರು. ಮುಚ್ಚಿದ ಜಾಗ ಅಂದರೆ ಎದೆ ಹಿಡಿದುಕೊಳ್ಳುವವರು ಯೋಚಿಸಿ. ಸುರಂಗ ತಕ್ಕಮಟ್ಟಿಗೆ ಅಗಲ, ಎತ್ತರ ಇದೆ, ದೀಪವೂ ಇದೆ, ಆದರೂ ಬೆಳಕಿನ ಬಾಗಿಲು ಹಿಂದೆ ಚಿಕ್ಕದಾಗುತ್ತಾ ಹೋಗುವುದು ಎಲ್ಲರಿಗೂ ಆಗಿಬರುವುದಿಲ್ಲ.

ಈಗ ಡ್ರಿಲ್ಲಿನ ವಿಷಯಕ್ಕೆ ಬರುತ್ತೇನೆ, ಪ್ರವಾಸದ ಜೀವಾಳವೇ ಅದು.

ಮೊದಲು ಕೈಕೆಲಸ ತೋರಿಸುತ್ತಾರೆ. ಒಂದು ಕೈಯಲ್ಲಿ ಉಕ್ಕಿನ ಸಲಾಕೆ, ಇನ್ನೊಂದು ಕೈಯಲ್ಲಿ ಎರಡು ಕೆಜಿಗೆ ಸ್ವಲ್ಪ ಕಡಿಮೆ ತೂಕದ ಸುತ್ತಿಗೆ. ಹೊಡೆದ ಪ್ರತಿ ಏಟಿಗೂ ಸಲಾಕೆಯನ್ನು ಒಂಚೂರು ತಿರುಗಿಸಬೇಕು, ಇಲ್ಲವಾದರೆ ಅದು ಬಂಡೆಯಲ್ಲಿ ಕಚ್ಚಿಕೊಂಡುಬಿಡುತ್ತದೆ. ಇಬ್ಬರು ಸೇರಿ ಮಾಡುವುದಾದರೆ ಒಬ್ಬ ಸಲಾಕೆ ಹಿಡಿದು ತಿರುಗಿಸುತ್ತಾನೆ, ಇನ್ನೊಬ್ಬ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಾನೆ. ಬೆಳಕು ಒಂದು ಮೇಣದಬತ್ತಿಯದ್ದು ಅಷ್ಟೇ. ಸಲಾಕೆ ಹಿಡಿದವನ ಬೆರಳು ಹೊಡೆಯುವವನ ಕಣ್ಣನ್ನೇ ನಂಬಿಕೊಂಡಿರಬೇಕು. ಮೇಣದಬತ್ತಿ ಇಡಲು ಕಬ್ಬಿಣದ ಒಂದು ಹಿಡಿ ಇರುತ್ತಿತ್ತು, ಅದರ ಒಂದು ತುದಿ ಚೂಪು, ಮರದ ಕಂಬಕ್ಕೆ ಚುಚ್ಚಿ ನಿಲ್ಲಿಸಬಹುದು. ಹಾಗೆ ಗಂಟೆಗಟ್ಟಲೆ ಬಡಿದರೆ ಒಂದೆರಡು ತೂತು.

ಆಮೇಲೆ ಬಂದದ್ದು ಗಾಳಿಯಿಂದ ಓಡುವ ಡ್ರಿಲ್. ಕೆಲಸ ಬೇಗ ಆಯಿತು, ಆದರೆ ನೀರಿಲ್ಲದೆ ಒಣ ಬಂಡೆ ಕೊರೆದರೆ ಏಳುವ ಬೆಣಚುಕಲ್ಲಿನ ಪುಡಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಗಟ್ಟಿಮುಟ್ಟಾದ ಗಂಡಸರು ಉಸಿರು ಎಳೆಯಲಾಗದೆ ಸತ್ತರು. ಅದಕ್ಕೇ ಆ ಯಂತ್ರಕ್ಕೆ ಗಣಿಯವರು ‘ವಿಧವೆ ಮಾಡುವ ಯಂತ್ರ’ ಅಂತಲೇ ಹೆಸರಿಟ್ಟರು. 1890ರ ದಶಕದ ಕೊನೆಯಲ್ಲಿ ಡೆನ್ವರಿನ ಲೇನರ್ ಎಂಬಾತ ಟೊಳ್ಳು ಸಲಾಕೆಯ ಮೂಲಕ ನೀರು ಹರಿಸುವ ಡ್ರಿಲ್ ತಯಾರಿಸಿದ. ನೀರು ಬಿದ್ದರೆ ಪುಡಿ ಕೆಸರಾಗಿ ಕೆಳಗೆ ಇಳಿಯುತ್ತದೆ, ಅಷ್ಟೇ ಅದರ ಗುಟ್ಟು. ಆದರೂ ಒಣ ಡ್ರಿಲ್ಲುಗಳು ಗಣಿಗಳಿಂದ ಪೂರ್ತಿ ಹೋಗಲು ಬಹಳ ಕಾಲ ಹಿಡಿಯಿತು.

ನಮ್ಮೆದುರು ಓಡಿಸಿದ್ದು ಅದರ ಮುಂದಿನ ತಲೆಮಾರಿನ ಜ್ಯಾಕ್‌ಲೆಗ್. ಕೆಳಗೆ ಒಂದು ಕಾಲು, ಆ ಕಾಲೂ ಗಾಳಿಯ ಒತ್ತಡದಿಂದಲೇ ಉದ್ದ ಆಗುತ್ತಾ ಡ್ರಿಲ್ಲನ್ನು ಬಂಡೆಗೆ ಒತ್ತಿ ಹಿಡಿಯುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂತ ಮೊದಲೇ ಎಚ್ಚರಿಸಿದರು. ಗಾಳಿ ಬಿಟ್ಟ ಕೂಡಲೇ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಬಿಳಿ ಹಬೆಯಂಥ ನೀರಿನ ತುಂತುರು, ಬಂಡೆಯಿಂದ ಬೂದು ಬಣ್ಣದ ರಾಡಿ ಸೋರುತ್ತಾ ಇಳಿಯುವುದು, ಆ ಮನುಷ್ಯ ಒಂದು ಕೈಯಲ್ಲಿ ಹಿಡಿಕೆ ತಿರುವುತ್ತಾ ಇನ್ನೊಂದು ಕೈಯಲ್ಲಿ ಕಾಲಿನ ಒತ್ತಡ ಹೆಚ್ಚು ಕಡಿಮೆ ಮಾಡುತ್ತಾ ಮೈಯನ್ನೇ ಸ್ವಲ್ಪ ವಾಲಿಸಿ ನಿಂತದ್ದು, ಇವೆಲ್ಲ ನೋಡಿದ್ದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಅಷ್ಟಕ್ಕೇ ನಮಗೆ ಸಾಕಾಯಿತು. ಇದನ್ನು ಎಂಟು ಗಂಟೆ ಮಾಡಬೇಕಿತ್ತು, ವಾರಕ್ಕೆ ಆರು ದಿನ, ಹೀಗೇ ಇಪ್ಪತ್ತು ವರ್ಷ. ಮುದಿ ಗಣಿಗಾರರಿಗೆ ಕಿವಿ ಯಾಕೆ ಕೇಳುವುದಿಲ್ಲ, ಬೆರಳು ಯಾಕೆ ಜೋಮು ಹಿಡಿದು ಬೆಳ್ಳಗಾಗುತ್ತವೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಮೇಲೆ ತೂತುಗಳ ಲೆಕ್ಕ ಹೇಳಿಕೊಟ್ಟರು. ಇದು ನನಗೆ ಬಹಳ ಹಿಡಿಸಿದ ಭಾಗ. ಸುರಂಗದ ಮುಖದಲ್ಲಿ ಎರಡು ಡಜನ್ನಿಗೂ ಮೇಲೆ ತೂತು ಕೊರೆದು ಸಿಡಿಮದ್ದು ತುಂಬುತ್ತಾರೆ. ಎಲ್ಲವೂ ಒಟ್ಟಿಗೆ ಸಿಡಿದರೆ ಪ್ರಯೋಜನವಿಲ್ಲ, ಬಂಡೆಗೆ ಸರಿದುಕೊಳ್ಳಲು ಜಾಗವೇ ಇರುವುದಿಲ್ಲ. ಹಾಗಾಗಿ ಮೊದಲು ನಟ್ಟನಡುವಿನವು ಸಿಡಿದು ಗುಳಿ ಮಾಡಬೇಕು, ಆಮೇಲೆ ಅದರ ಸುತ್ತಿನವು, ಆಮೇಲೆ ಮೇಲಂಚು, ಕಟ್ಟಕಡೆಗೆ ನೆಲದ ಹತ್ತಿರದವು. ಕೊನೆಯವು ಕಲ್ಲಿನ ರಾಶಿಯನ್ನು ಎತ್ತಿ ಮುಂದಕ್ಕೆ ಹಾಕುತ್ತವೆ. ಹಿಂದೆ ಬತ್ತಿಯ ಉದ್ದ ಬೇರೆ ಬೇರೆ ಇಟ್ಟು ಈ ಸರದಿ ಸಾಧಿಸುತ್ತಿದ್ದರು. ಹಚ್ಚಿ ಹೊರಗೆ ನಿಂತು ಢಂ ಢಂ ಸದ್ದು ಎಣಿಸುತ್ತಿದ್ದರು. ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ ಎಲ್ಲೋ ಒಂದು ಸಿಡಿಯದೆ ಉಳಿದಿದೆ ಅಂತ ಅರ್ಥ. ಮುಂದಿನ ಶಿಫ್ಟಿನವನು ಗೊತ್ತಿಲ್ಲದೆ ಅದಕ್ಕೇ ಡ್ರಿಲ್ ಹಾಕಿದರೆ ಮುಗಿಯಿತು. ಇಷ್ಟೆಲ್ಲಾ ಮಾಡಿದರೆ ಒಂದು ಸಲ ಸಿಡಿಸಿದ್ದಕ್ಕೆ ಸುರಂಗ ಒಂದೆರಡು ಮೀಟರ್ ಮುಂದೆ ಹೋಗುತ್ತದೆ.

ಸಿಡಿಸಿದ ಕಲ್ಲು ತೆಗೆಯುವ ಯಂತ್ರವನ್ನೂ ಓಡಿಸಿದರು. ಕಂಬಿ ಮೇಲೆ ಓಡಾಡುವ ಗಿಡ್ಡ ಯಂತ್ರ, ಮುಂದೆ ಒಂದು ದೊಡ್ಡ ಮೊರದಂಥ ಬಕೆಟ್. ಓಡಿಸುವವನು ಪಕ್ಕದ ಮೆಟ್ಟಿಲ ಮೇಲೆ ನಿಂತು ಎರಡು ಲಿವರ್ ಎಳೆಯುತ್ತಾನೆ. ಯಂತ್ರ ನುಗ್ಗಿ ಕಲ್ಲು ಬಾಚಿಕೊಂಡು, ತನ್ನ ತಲೆ ಮೇಲಿಂದಲೇ ಹಿಂದಿನ ಡಬ್ಬಿಗೆ ಎಸೆದುಬಿಡುತ್ತದೆ. ಮಗ ಇನ್ನೊಂದು ಸಲ, ಇನ್ನೊಂದು ಸಲ ಅಂತ ಕೂಗಿದ. ನನ್ನ ಕಣ್ಣು ಮಾತ್ರ ಆ ಮೆಟ್ಟಿಲ ಮೇಲೇ ಇತ್ತು. ಮೆಟ್ಟಿಲಿಗೂ ಬಂಡೆಯ ಗೋಡೆಗೂ ನಡುವೆ ಒಬ್ಬ ಮನುಷ್ಯನಷ್ಟೇ ಜಾಗ, ಯಂತ್ರ ಕಂಬಿ ತಪ್ಪಿದರೆ ನಜ್ಜುಗುಜ್ಜಾಗುವವನು ಅವನೇ.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮದು ಬಂಗಾರಪೇಟೆ. ಮಾರಿಕುಪ್ಪಂ ರೈಲಿನಲ್ಲಿ ಮೈನ್ಸ್ ಕೆಲಸಕ್ಕೆ ಹೋಗುವವರನ್ನು ನೋಡುತ್ತಲೇ ಬೆಳೆದವರು ಅಪ್ಪ. ಆದರೆ ಕೆಜಿಎಫ್‌ನ ಒಂದು ಶಾಫ್ಟಿನೊಳಗೂ ಅವರು ಇಳಿದಿರಲಿಲ್ಲ, ಹೊರಗಿನವರಿಗೆ ಅದು ಎಲ್ಲಿ ಸಾಧ್ಯವಿತ್ತು. ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಬಂದು ಮೊದಲ ಸಲ ಚಿನ್ನದ ಗಣಿಯ ಒಳಗೆ ಕಾಲಿಟ್ಟರು. ಗೈಡ್ ಹತ್ತಿರ ಹೋಗಿ, ನಾನು ಅನುವಾದ ಮಾಡುತ್ತಿದ್ದ ಹಾಗೆ, “ನಮ್ಮೂರ ಪಕ್ಕದ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಇತ್ತು” ಅಂದರು. ಆತ ಹೆಲ್ಮೆಟ್ ಹಿಂದಕ್ಕೆ ಸರಿಸಿ, ಅಷ್ಟು ಕೆಳಗೆ ಬಿಸಿ ಎಷ್ಟಿರುತ್ತಿತ್ತು, ಗಾಳಿ ಹೇಗೆ ಕಳಿಸುತ್ತಿದ್ದರು, ಬಂಡೆ ಸಿಡಿಯುತ್ತಿತ್ತಾ ಅಂತ ಒಂದರ ಹಿಂದೆ ಒಂದು ಕೇಳಿದರು. “ಸಿಡಿಯದೆ ಏನು, ರಾಕ್ ಬರ್ಸ್ಟ್ ಆದರೆ ಮೇಲೆ ನಮ್ಮ ಮನೆಗಳ ಪಾತ್ರೆ ಅಲುಗಾಡುತ್ತಿದ್ದವು ಅಂತ ಅಲ್ಲಿನವರು ಹೇಳುತ್ತಿದ್ದರು” ಅಂದರು ಅಪ್ಪ. ಸಾಲಿನ ಉಳಿದವರೂ ನಿಂತು ಕೇಳಿದರು. ಈ ಗಣಿಗೂ ಅದಕ್ಕೂ ನಂಟು ಇಲ್ಲದೆ ಇಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರ, ತಾಮ್ರದ ಗಣಿಗಳು ಸೊರಗಿದಾಗ ಅಲ್ಲಿನ ಗಣಿಗಾರರು ಪ್ರಪಂಚದ ನಾಲ್ಕು ಮೂಲೆಗೂ ಹೊರಟರು. ಕೆಲವರು ಕೊಲೊರಾಡೊ ಬೆಟ್ಟಗಳಿಗೆ ಬಂದರು, ಕೆಲವರು 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ನಮ್ಮ ಕೋಲಾರಕ್ಕೆ ಹೋದರು. ಇಟಲಿಯವರು ಕೂಡ ಎರಡೂ ಕಡೆ ದುಡಿದಿದ್ದಾರೆ.

ಇನ್ನೊಂದು ನಂಟು ಕರೆಂಟಿನದ್ದು. ಸಿಲ್ವರ್‌ಟನ್‌ನಿಂದ ಬೆಟ್ಟದ ಆಚೆ ಬದಿಗೆ ಟೆಲ್ಯುರೈಡ್ ಹತ್ತಿರ ಏಮ್ಸ್ ಅನ್ನುವ ಜಾಗವಿದೆ. 1891ರಲ್ಲಿ ಅಲ್ಲಿನ ಜಲವಿದ್ಯುತ್ ಕೇಂದ್ರದಿಂದ ನಾಲ್ಕು ಕಿಲೋಮೀಟರ್ ಆಚೆಯ ಚಿನ್ನದ ಗಣಿಗೆ ಎಸಿ ಕರೆಂಟ್ (ಪರ್ಯಾಯ ವಿದ್ಯುತ್, ಈಗ ನಮ್ಮ ಮನೆಗಳಿಗೆ ಬರುವಂಥದ್ದು) ಹರಿಸಿದರು. ಕೈಗಾರಿಕೆಗೆ ಎಸಿ ಕರೆಂಟ್ ಕೊಟ್ಟ ಜಗತ್ತಿನ ಮೊದಮೊದಲ ಕೇಂದ್ರಗಳಲ್ಲಿ ಅದೂ ಒಂದು. ಹನ್ನೊಂದು ವರ್ಷ ಆದ ಮೇಲೆ, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟರು. ಆ ಕಾಲಕ್ಕೆ ಅದು ಲೋಕದಲ್ಲೇ ಅತಿ ಉದ್ದದ ಸಾಲುಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು ಗಣಿಗೆ ಹೋಯಿತು ಕಾವೇರಿಯ ಕರೆಂಟ್. ಚಿನ್ನ ಬೇಕು ಅಂದಾಗ ದುಡ್ಡೂ ಬರುತ್ತದೆ, ಎಂಜಿನಿಯರುಗಳೂ ಬರುತ್ತಾರೆ, ಅಲ್ವಾ?

ಹಾಗಾದರೆ ಓಲ್ಡ್ ಹಂಡ್ರೆಡ್‌ನಲ್ಲಿ ಎಷ್ಟು ಚಿನ್ನ ಸಿಕ್ಕಿತು? ಹಾಕಿದ ದುಡ್ಡಿಗೆ ಹೋಲಿಸಿದರೆ ಬಹಳ ಕಡಿಮೆ. ಕಥೆ ಹೀಗೆ. 1870ರ ದಶಕದಲ್ಲಿ ನೀಗೋಲ್ಡ್ ಎಂಬ ಜರ್ಮನ್ ಅಣ್ಣತಮ್ಮಂದಿರು ಈ ಬೆಟ್ಟದಲ್ಲಿ ಅದಿರಿನ ಎಳೆ ಹಿಡಿದರು. ಅದೇ ಹೊತ್ತಿಗೆ, 1873ರ ಒಪ್ಪಂದದಲ್ಲಿ, ಈ ಇಡೀ ಬೆಟ್ಟಸಾಲು ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರ ಕೈತಪ್ಪಿತು. ಅಲ್ಲಿಗೆ ಗಣಿಗಾರರು ನುಗ್ಗಿದ್ದೇ ಆ ಒಪ್ಪಂದಕ್ಕೆ ಕಾರಣ. ನೀಗೋಲ್ಡರು ಬಿಟ್ಟುಕೊಟ್ಟ ಮೇಲೆ 1904ರ ಸುಮಾರಿಗೆ ಹೊಸ ಕಂಪನಿ ದೊಡ್ಡದಾಗಿ ಕೈಹಾಕಿತು. ಕಣಿವೆಯಲ್ಲಿ ಅದಿರು ಪುಡಿ ಮಾಡುವ ಮಿಲ್, ಬೆಟ್ಟದ ನೆತ್ತಿಯಿಂದ ಕೆಳಗಿನವರೆಗೆ ತಂತಿ ಮೇಲೆ ಓಡುವ ಬಕೆಟ್ಟುಗಳು, ಮೇಲೆ ಕೆಲಸಗಾರರಿಗೆ ವಸತಿಮನೆ. ನಾಲ್ಕೇ ವರ್ಷಕ್ಕೆ ಕಂಪನಿ ಕೈಚೆಲ್ಲಿತು. ಆಮೇಲೆ 1960ರ ದಶಕದ ಕೊನೆಯಲ್ಲಿ ಟೆಕ್ಸಾಸಿನ ಎಣ್ಣೆಬಾವಿ ಕೊರೆಯುವ ಕಂಪನಿಯೊಂದು ಬಂದು ಬೆಟ್ಟದ ಬುಡದಿಂದ ಮೈಲಿಗಟ್ಟಲೆ ಸುರಂಗ ಹೊಡೆಯಿತು, ಲಕ್ಷಾಂತರ ಡಾಲರ್ ಸುರಿಯಿತು. ನಿರೀಕ್ಷಿಸಿದಷ್ಟು ಚಿನ್ನ ಸಿಗಲಿಲ್ಲ, ಕೆಲವೇ ವರ್ಷದಲ್ಲಿ ಎಲ್ಲವನ್ನೂ ಬಿಟ್ಟು ಹೊರಟುಹೋಯಿತು.

ನಾವು ರೈಲಿನಲ್ಲಿ ಹೋಗುವುದು ಆ ಕೊನೆಯ ಕಂಪನಿ ಹೊಡೆದ ಸುರಂಗದಲ್ಲಿ. ಇದನ್ನು ತಿಳಿದುಕೊಂಡು ಹೋಗಿ. 1904ರ ಮರದ ಕಂಬಗಳ ಇಕ್ಕಟ್ಟಾದ ಬಿಲಗಳನ್ನು ನೋಡುತ್ತೇವೆ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ, ಅವು ಇರುವುದು ಇನ್ನೂ ಮೇಲೆ, ಅಲ್ಲಿಗೆ ಪ್ರವಾಸ ಇಲ್ಲ. ಆದರೆ ನಿರ್ವಹಣೆ ಚೆನ್ನಾಗಿದ್ದು ಮುದುಕರು, ಮಕ್ಕಳು ಎಲ್ಲರೂ ಹೋಗಬಹುದಾದದ್ದು ಸುರಂಗ ಹೊಸದು ಅನ್ನುವ ಕಾರಣಕ್ಕೇ. ಒಳಗೆ ಒಂದು ಕಡೆ ಬಂಡೆಯಲ್ಲಿ ಬಿಳಿ ಬೆಣಚುಕಲ್ಲಿನ ಎಳೆ ಓರೆಯಾಗಿ ಮೇಲಕ್ಕೆ ಹೋಗುವುದನ್ನು ಟಾರ್ಚ್ ಹಾಕಿ ತೋರಿಸುತ್ತಾರೆ. ಅದರಲ್ಲಿ ಮಿಣಮಿಣ ಹೊಳೆಯುವುದು ಹೆಚ್ಚಿನದು ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ), ಚಿನ್ನ ಅಲ್ಲ. ಬೆರಳಷ್ಟೇ ಅಗಲದ ಎಳೆಯ ಹಿಂದೆ ಇಷ್ಟೊಂದು ಬೆಟ್ಟ ಅಗೆದರಲ್ಲ ಅಂತ ಅಮ್ಮ ಅಲ್ಲೇ ನಿಂತುಬಿಟ್ಟರು. ಕೋಲಾರದ ಅದಿರಿನಲ್ಲಿ ಶುರುವಿನಲ್ಲಿ ಟನ್ನಿಗೆ 40 ಗ್ರಾಂ ಮೀರಿ ಚಿನ್ನ ಸಿಗುತ್ತಿತ್ತು, ಮುಚ್ಚುವ ಹೊತ್ತಿಗೆ ಮೂರು ಗ್ರಾಂ ಆಸುಪಾಸಿಗೆ ಇಳಿದಿತ್ತು ಅಂತ ಅವರಿಗೆ ಹೇಳಿದೆ. ತಮ್ಮ ಕೈಬಳೆ ಒಮ್ಮೆ ನೋಡಿಕೊಂಡರು.

ಹೊರಗೆ ಬಂದ ಮೇಲೆ ತಲೆ ಎತ್ತಿ ಬೆಟ್ಟದ ಮೇಲೆ ನೋಡುವುದು ಮರೆಯಬೇಡಿ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಕಣಿವೆಯಿಂದ ಸುಮಾರು 2,000 ಅಡಿ ಮೇಲೆ, ಕಡಿದಾದ ಬಂಡೆಯ ಅಂಚಿಗೆ ಅಂಟಿಕೊಂಡ ಹಾಗೆ ಆ ವಸತಿಮನೆ ಇನ್ನೂ ನಿಂತಿದೆ. ಗಾಳಿಗೆ ಹಾರಿಹೋಗದಂತೆ ಕಬ್ಬಿಣದ ಹಗ್ಗದಿಂದ ಬಂಡೆಗೆ ಬಿಗಿದಿದ್ದಾರೆ. ಕೆಲಸಗಾರರು ಅಲ್ಲೇ ಉಂಡು, ಅಲ್ಲೇ ಮಲಗಿ, ಪಕ್ಕದ ಸುರಂಗಕ್ಕೆ ಹೋಗುತ್ತಿದ್ದರು. ಅಕ್ಕಿಬೇಳೆ ಅಲ್ಲ, ಅವರ ಹಿಟ್ಟು, ಮಾಂಸ, ಕಲ್ಲಿದ್ದಲು, ಕಾಗದಪತ್ರ ಎಲ್ಲಾ ಆ ತಂತಿಯ ಬಕೆಟ್ಟಿನಲ್ಲೇ ಮೇಲೆ ಬರಬೇಕು. ಚಳಿಗಾಲದಲ್ಲಿ ಹಿಮ ಕುಸಿದು ದಾರಿ ಮುಚ್ಚಿದರೆ ಕೆಳಗಿಳಿಯುವ ಮಾತೇ ಇಲ್ಲ. ಸ್ಥಳೀಯ ಇತಿಹಾಸ ಸಂಘದವರು ಆ ಮನೆಯನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ. ಅದನ್ನು ಕಂಡ ಮೇಲೆ ನನಗೆ ಹೊಟ್ಟೆಗೆ ಕಿಚ್ಚು ಬಿದ್ದದ್ದು ನಿಜ. ಲಾಭವೇ ಕಾಣದ ಒಂದು ಗಣಿಯನ್ನು ಇವರು ಇಷ್ಟು ಜೋಪಾನ ಮಾಡಿದ್ದಾರೆ. ನೂರಿಪ್ಪತ್ತು ವರ್ಷ ಓಡಿ, 800 ಟನ್ನಿನಷ್ಟು ಚಿನ್ನ ಕೊಟ್ಟ ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಪಂಪು ನಿಂತಿತು, ಶಾಫ್ಟುಗಳಲ್ಲಿ ನೀರು ತುಂಬಿತು. ಮೂರು ಕಿಲೋಮೀಟರ್ ಆಳಕ್ಕೆ ಯಾರನ್ನೂ ಕರೆದುಕೊಂಡು ಹೋಗುವುದು ಬೇಡ, ಅದು ಆಗುವ ಮಾತೂ ಅಲ್ಲ. ಆದರೆ ಮೇಲ್ಮಟ್ಟದ ಐವತ್ತು ಮೀಟರ್ ಸುರಂಗ, ಒಂದು ಓಡುವ ಡ್ರಿಲ್, ಜೊತೆಗೆ ನಿವೃತ್ತ ಗಣಿ ಕೆಲಸಗಾರರು ನಾಲ್ಕು ಜನ ಇದ್ದಿದ್ದರೆ ಸಾಕಿತ್ತು. ಡ್ರಿಲ್ ಹಿಡಿದ ಕೈಗಳು ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂನಲ್ಲಿ ಇನ್ನೂ ಇವೆ, ವರ್ಷವರ್ಷ ಕಡಿಮೆ ಆಗುತ್ತಿವೆ. ಸಿನಿಮಾ ನೋಡಿ ಕೆಜಿಎಫ್ ಹುಡುಕಿಕೊಂಡು ಬರುವ ಹುಡುಗರಿಗೆ ಈಗ ಕಾಣುವುದು ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ, ಮಾತ್ರ.

ಮಕ್ಕಳಿದ್ದರೆ ಇನ್ನೊಂದು ಆಕರ್ಷಣೆ ಹೊರಗಿದೆ. ನೀರು ಹರಿಯುವ ತೊಟ್ಟಿಯಲ್ಲಿ ತಟ್ಟೆ ಹಿಡಿದು ಮರಳು ಜಾಲಾಡಿ ಚಿನ್ನ ಹುಡುಕುವುದು. ಟಿಕೆಟ್ಟಿನಲ್ಲೇ ಸೇರಿದೆ. ಆ ಮರಳಿಗೆ ಚೂರುಪಾರು ಲೋಹ, ಬಣ್ಣದ ಕಲ್ಲು ಅವರೇ ಹಾಕಿಟ್ಟಿರುತ್ತಾರೆ. ಆದರೆ ತಟ್ಟೆ ಅಲ್ಲಾಡಿಸುವ ಕ್ರಮ ಮಾತ್ರ ಅಸಲಿಯೇ. ಅಕ್ಕಿ ಗಾಳಿಸುವ ಹಾಗೆ ಓರೆ ಹಿಡಿದು ಸುತ್ತಿಸಬೇಕು, ಹಗುರ ಮರಳು ಅಂಚಿನಿಂದ ಹೋಗಿ ಭಾರದ್ದು ತಳದಲ್ಲಿ ನಿಲ್ಲುತ್ತದೆ. ಅಮ್ಮ ಒಂದೇ ಏಟಿಗೆ ಕಲಿತು ಪಕ್ಕದವರಿಗೂ ಹೇಳಿಕೊಟ್ಟರು. ನೀರು ಮಾತ್ರ ಕೈ ಕೊರೆಯುವಷ್ಟು ತಣ್ಣಗಿದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಎತ್ತರದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಲ್ವರ್‌ಟನ್ ಊರೇ 2,840 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಹತ್ತಿರ ಮೇಲೆ. ತಲೆನೋವು, ಏದುಸಿರು, ನಿದ್ದೆ ಬಾರದಿರುವುದು ಮಾಮೂಲಿ. ಹಿಂದಿನ ರಾತ್ರಿ ಡುರಾಂಗೋದಲ್ಲಿ ಉಳಿಯಿರಿ, ಅದು 2,000 ಮೀಟರಿಗೂ ಸ್ವಲ್ಪ ಕೆಳಗೆ. ನೀರು ಜಾಸ್ತಿ ಕುಡಿಸಿ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಕೊಂಡೇ ಹೊರಡಿ. ಊಟಕ್ಕೆ ಸಸ್ಯಾಹಾರಿಗಳು ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋದರೆ ನೆಮ್ಮದಿ. ಊರಿನಲ್ಲಿ ಹೋಟೆಲುಗಳಿವೆ, ಆದರೆ ಒಂದು ಕಡೆ ನಾವು ಮಾಂಸ ಬೇಡ ಅಂತ ಹೇಳಿದ ಮೇಲೂ ಮಾಂಸದ ಚೂರಿನ ಸೂಪು ತಂದಿಟ್ಟರು.

ಒಂದು ಗಂಟೆಯ ಪ್ರವಾಸದಲ್ಲಿ ಹೇಳಿ ಮುಗಿಯದ ಸಂಗತಿಗಳೂ ಇವೆ, ಅವನ್ನು ತಿಳಿದು ಹೋದರೆ ಆ ಕಣಿವೆ ಬೇರೆ ಥರ ಕಾಣುತ್ತದೆ. ಹತ್ತಿರದ ಸನ್ನಿಸೈಡ್ ಗಣಿ ಎಮ್ಮಾ ಕೆರೆಯ ತಳದ ಹತ್ತಿರಕ್ಕೇ ಹೋಗಿ ಮುಟ್ಟಿತ್ತು. 1978ರ ಜೂನ್ 4ರಂದು ಕೆರೆಯ ತಳ ಒಡೆದು ಇಡೀ ನೀರು, ಕೆಸರು ಗಣಿಯೊಳಗೆ ಧುಮುಕಿತು. ಭಾನುವಾರ, ಒಳಗೆ ಒಬ್ಬನೂ ಇರಲಿಲ್ಲ. ಒಂದು ದಿನ ಹಿಂದೆಮುಂದೆ ಆಗಿದ್ದರೆ ನೂರಕ್ಕೂ ಹೆಚ್ಚು ಜನ ಹೋಗುತ್ತಿದ್ದರು. ಅದೇ ಗಣಿ 1991ರಲ್ಲಿ ಮುಚ್ಚಿದಾಗ ಸಿಲ್ವರ್‌ಟನ್‌ನ ದೊಡ್ಡ ಗಣಿಗಳ ಕಾಲ ಮುಗಿಯಿತು. ಆದರೆ ಬಿಟ್ಟುಹೋದ ಗಣಿ ಸುಮ್ನೆ ಇರುವುದಿಲ್ಲ. ಒಳಗಿನ ಪೈರೈಟ್‌ಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಸೀಸ, ಸತು, ಕ್ಯಾಡ್ಮಿಯಂ ಕರಗಿಸಿಕೊಂಡು ಹೊಳೆಗೆ ಹರಿಯುತ್ತದೆ. 2015ರ ಆಗಸ್ಟ್ 5ರಂದು ಗೋಲ್ಡ್ ಕಿಂಗ್ ಅನ್ನುವ ಪಾಳುಗಣಿಯ ಬಾಯಿ ಶುಚಿ ಮಾಡಲು ಹೋದ ಕೇಂದ್ರ ಪರಿಸರ ಸಂಸ್ಥೆಯ ಕೆಲಸಗಾರರ ಕೈಯಲ್ಲೇ ಅದು ಒಡೆದು, ಒಂದು ಕೋಟಿ ಲೀಟರಿಗೂ ಹೆಚ್ಚು ವಿಷದ ನೀರು ಅನಿಮಸ್ ಹೊಳೆಗೆ ನುಗ್ಗಿತು. ಹೊಳೆ ಅರಿಶಿನ ಕದಡಿದ ಬಣ್ಣಕ್ಕೆ ತಿರುಗಿ, ಕೆಳಗಿನ ನವಾಹೊ ಮೂಲನಿವಾಸಿಗಳ ಹೊಲಗಳಿಗೆ ನೀರು ಬಿಡುವುದನ್ನೇ ನಿಲ್ಲಿಸಬೇಕಾಯಿತು. ಮುಂದಿನ ವರ್ಷ ಆ ಪ್ರದೇಶದ ಹತ್ತಾರು ಗಣಿಗಳನ್ನು ಸೇರಿಸಿ ಸರಕಾರ ಶುಚಿ ಮಾಡುವ ಪಟ್ಟಿಗೆ ಹಾಕಿತು. ಕೆಲಸ ಇನ್ನೂ ನಡೆಯುತ್ತಿದೆ.

ದಾರಿಯಲ್ಲಿ ಬೆಟ್ಟದ ಬದಿಗಳಲ್ಲಿ ಬೇಕಾದಷ್ಟು ಕಪ್ಪು ತೂತುಗಳು ಕಾಣುತ್ತವೆ. ಕೊಲೊರಾಡೊ ಒಂದರಲ್ಲೇ ಅಂದಾಜು 23,000 ಪಾಳುಗಣಿಗಳಿವೆ. ದಯವಿಟ್ಟು ಒಂದರೊಳಗೂ ಕಾಲಿಡಬೇಡಿ, ರೀಲ್ಸ್ ಮಾಡಲು ಅಂತೂ ಬೇಡವೇ ಬೇಡ. ಒಳಗೆ ಆಮ್ಲಜನಕ ಕಡಿಮೆ ಇದ್ದರೆ ಅದಕ್ಕೆ ವಾಸನೆ ಇರುವುದಿಲ್ಲ, ನಾಲ್ಕು ಹೆಜ್ಜೆಗೆ ಕುಸಿದು ಬೀಳುತ್ತೀರಿ. ಕೊಳೆತ ಹಲಗೆ ಮೇಲೆ ಮಣ್ಣು ಕೂತು ನೆಲದ ಹಾಗೆ ಕಾಣುತ್ತದೆ, ಕೆಳಗೆ ನೂರು ಅಡಿ ಗುಂಡಿ ಇರಬಹುದು. ಹಳೇ ಡೈನಮೈಟ್ ‘ಬೆವರಿ’, ಅಂದರೆ ಒಳಗಿನ ಸ್ಫೋಟಕ ದ್ರವ ಹೊರಗೆ ಸೋರಿ, ಕೂತಿದ್ದರೆ ಮುಟ್ಟಿದರೂ ಸಿಡಿಯಬಹುದು. ಒಳಗೆ ಹೋಗುವ ಆಸೆ ಇದ್ದರೆ ಟಿಕೆಟ್ ಕೊಟ್ಟು, ಗಾಳಿ ಪರೀಕ್ಷೆ ಮಾಡಿ, ಮೇಲ್ಚಾವಣಿಗೆ ಬೋಲ್ಟ್ ಹೊಡೆದು ಕಾಯುವ ಇಂಥ ಕಡೆ ಹೋಗಿ.

ನನ್ನ ಸಲಹೆ ಇಷ್ಟು. ಬೆಳಿಗ್ಗೆಯ ಮೊದಲ ಪ್ರವಾಸಕ್ಕೇ ಹೋಗಿ, ಜನ ಕಡಿಮೆ ಇರುತ್ತಾರೆ, ಪ್ರಶ್ನೆ ಕೇಳಲು ಸಮಯ ಸಿಗುತ್ತದೆ. ಮಧ್ಯಾಹ್ನದ ಮೇಲೆ ಜುಲೈ, ಆಗಸ್ಟಿನಲ್ಲಿ ಗುಡುಗು ಮಳೆ ಹೆಚ್ಚು. ವಾಪಸ್ ಬರುವಾಗ ಅದೇ ರಸ್ತೆಯಲ್ಲಿ ಮೇಫ್ಲವರ್ ಮಿಲ್ ಇದೆ, 1991ರವರೆಗೂ ಓಡಿದ ಅದಿರು ಮಿಲ್, ತೆರೆದಿದ್ದರೆ ಅದನ್ನೂ ನೋಡಿ. ಗಣಿಯಲ್ಲಿ ಕಲ್ಲು ಹೊರಗೆ ಬಂದದ್ದನ್ನು ನೋಡಿರುತ್ತೀರಿ, ಆ ಕಲ್ಲನ್ನು ಪುಡಿ ಮಾಡಿ ಲೋಹ ಬೇರೆ ಮಾಡುವುದು ಹೇಗೆ ಅಂತ ಅಲ್ಲಿ ತಿಳಿಯುತ್ತದೆ. ಎರಡೂ ಒಂದೇ ದಿನ ನೋಡಿದರೆ ಮಾತ್ರ ಕಥೆ ಪೂರ್ತಿ. ಊರಿಂದ ಅಪ್ಪ ಅಮ್ಮ ಬಂದಾಗ ಮಾಲ್‌ಗೆ ಕರೆದುಕೊಂಡು ಹೋಗುವ ಬದಲು ಇಲ್ಲಿಗೆ ಕರೆದುಕೊಂಡು ಹೋಗಿ, ಅದರಲ್ಲೂ ಕೋಲಾರ, ಹಟ್ಟಿ ಕಡೆಯವರಾದರೆ ಖಂಡಿತ ಹೋಗಿ, ಅವರು ಕೇಳುವ ಪ್ರಶ್ನೆಗಳನ್ನು ಗೈಡಿಗೆ ಅನುವಾದ ಮಾಡಿ ಹೇಳಲು ಮಾತ್ರ ನೀವು ಪಕ್ಕದಲ್ಲೇ ಇರಿ.